ಇಳಿಜಾರಲ್ಲಿ ನಿಲ್ಲುತ್ತಿದ್ದ ಕಾರು

ಅಪ್ಪ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿದ್ದು ನನಗೆ ನೆನಪೇ ಇಲ್ಲ. ಸಾಗರದ ಪೇಟೆಗೆ ಹೋದರೂ ಅಷ್ಟೆ, ನೆಂಟರ ಮನೆಗೆ ಹೋದರೂ ಅಷ್ಟೆ. ಮದುವೆ ಮನೆಯ ಎದುರು ನೂರು ಕಾರು ಹಿಡಿಯುವಷ್ಟು ದೊಡ್ಡ ಬಯಲು ಇದ್ದರೂ ಇವರು ಮಾತ್ರ ಎಲ್ಲೋ ಒಂದು ದಿಬ್ಬ ಹುಡುಕಿ, ಕಾರಿನ ಮೂತಿ ಕೆಳಗೆ ಬರುವ ಹಾಗೆ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟು, ಪಂಚೆ ಸರಿಮಾಡಿಕೊಂಡು ನಿಧಾನಕ್ಕೆ ನಡೆದು ಬರುತ್ತಿದ್ದರು. ಮನೆಯಲ್ಲೂ ಅಂಗಳಕ್ಕೆ ತರುತ್ತಿರಲಿಲ್ಲ. ಉಣಗೋಲಿನ ಆಚೆ, ರಸ್ತೆಗೆ ಇಳಿಯುವ ಇಳಿಜಾರಿನಲ್ಲೇ ಅದರ ಜಾಗ. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನನಗೆ ಇದು ನಾಚಿಕೆಯ ವಿಷಯವಾಗಿತ್ತು. ಕಾರು ಇರುವವರ ಮನೆಯ ಮಕ್ಕಳಾಗಿಯೂ ಕಲ್ಲು ಹುಡುಕುವ ಕೆಲಸ ನಮಗೆ.

ಅದು 1998ರ ಮಾರುತಿ 800. ಬಿಳಿ ಬಣ್ಣ, ನಾಲ್ಕು ಗೇರು, ಮೂರು ಸಿಲಿಂಡರು, 796 ಸಿಸಿ. ಕಾರ್ಬುರೇಟರ್ ಗಾಡಿ, ಅಂದರೆ ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯದೆ ಏಳುವುದಿಲ್ಲ. ಆ ವರ್ಷ ಅಡಿಕೆಯ ದುಡ್ಡು ಕೈಗೆ ಬಂದಿತ್ತು, ಅಪ್ಪ ತಗೊಂಡರು. ಅವರು ಹೋಗಿ ಎರಡು ವರ್ಷ ಆಯಿತು. ನಾನು ಬೆಂಗಳೂರಿನಲ್ಲಿ ಇರುವವನು, ಎರಡು ತಿಂಗಳಿಗೊಮ್ಮೆ ಊರಿಗೆ ಹೋದಾಗ ಅದನ್ನು ಹೊರಗೆ ತೆಗೆದು ಪೇಟೆಗೆ ಒಂದು ಸುತ್ತು ಹೋಗಿ ಬರುತ್ತೇನೆ. ಮಾರಿಬಿಡು ಅಂತ ಹೇಳುವವರು ಬಹಳ ಜನ. ಈ ಗಾಡಿಗೆ ಈಗ ಏನು ಬಂದೀತು ಅಂತ ಲೆಕ್ಕ ಹಾಕಿದರೆ ಮಾರುವ ಯೋಚನೆ ತಾನಾಗಿ ಬಿಟ್ಟುಹೋಗುತ್ತದೆ.

ಕಳೆದ ದಸರಾ ರಜೆಯಲ್ಲಿ ಹೋದಾಗ ಕೀ ತಿರುಗಿಸಿದೆ. ಟಕ್ ಅಂತು. ಅಷ್ಟೆ. ಇನ್ನೊಮ್ಮೆ ತಿರುಗಿಸಿದೆ. ಮತ್ತೆ ಒಂದೇ ಒಂದು ಟಕ್.

ಹಳೆಯ ಗಾಡಿ ಇಟ್ಟುಕೊಂಡವರಿಗೆ ಈ ಶಬ್ದಗಳ ವ್ಯತ್ಯಾಸ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಮೊದಲು ಕಲಿಯಬೇಕಾದದ್ದು ಅದೇ, ಸ್ಪ್ಯಾನರ್ ಹಿಡಿಯುವುದು ಆಮೇಲೆ. ಕೀ ತಿರುಗಿಸಿದಾಗ ಏನೂ ಶಬ್ದ ಬರದೆ ಗಪ್‌ಚಿಪ್ ಇದ್ದರೆ ಒಂದು ಕಥೆ. ಬ್ಯಾಟರಿ ಪೂರ್ತಿ ಸತ್ತಿರಬಹುದು, ಟರ್ಮಿನಲ್ ಸಡಿಲ ಆಗಿರಬಹುದು, ಕೀ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿರಬಹುದು, ಅಥವಾ ಇಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟರಾದ ಸೆಲ್ಫ್‌ಗೆ ಬರುವ ಆ ಸಣ್ಣ ವೈರು ಕಳಚಿರಬಹುದು. ಟಕಟಕಟಕ ಅಂತ ಟೈಪ್‌ರೈಟರ್ ಬಡಿದ ಹಾಗೆ ಬಂದರೆ ಹೆಚ್ಚಿನ ಸಲ ಬ್ಯಾಟರಿಯಲ್ಲಿ ದಮ್ ಇಲ್ಲ ಅಂತ ಅರ್ಥ. ಸೆಲ್ಫಿನ ಮೇಲೆ ಕೂತು ಅದಕ್ಕೆ ಕರೆಂಟು ಬಿಡುವ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಎಳೆದುಕೊಳ್ಳುತ್ತದೆ, ಮೋಟರು ಕರೆಂಟು ಹೀರಿದ ಕೂಡಲೇ ವೋಲ್ಟೇಜು ಕುಸಿಯುತ್ತದೆ, ಸೊಲೆನಾಯ್ಡ್ ಕೈಬಿಡುತ್ತದೆ, ವೋಲ್ಟೇಜು ಮತ್ತೆ ಏರುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಈ ಜಗ್ಗಾಟವೇ ಆ ಶಬ್ದ. ಗರ್ರ್ ಅಂತ ಮೋಟರು ಮಾತ್ರ ಜೋರಾಗಿ ತಿರುಗಿ ಇಂಜಿನ್ನು ಅಲ್ಲಾಡದೆ ಕೂತಿದ್ದರೆ ಮೋಟರನ್ನು ಇಂಜಿನ್ನಿಗೆ ಕಚ್ಚಿಸುವ ಹಲ್ಲಿನ ಚಕ್ರ, ಅಂದರೆ ಬೆಂಡಿಕ್ಸ್, ಜಾರುತ್ತಿದೆ, ಇಲ್ಲವೇ ಫ್ಲೈವೀಲಿನ ರಿಂಗ್ ಗೇರಿನ ಹಲ್ಲು ಸವೆದಿದೆ. ಇನ್ನು ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಆದರೆ ಗಾಡಿ ಏಳುವುದಿಲ್ಲ ಅನ್ನುವವರು ಸೆಲ್ಫನ್ನು ಬೈಯುವುದು ಬಿಟ್ಟು ಪೆಟ್ರೋಲು, ಪ್ಲಗ್ಗು ನೋಡಬೇಕು. ಈ ಕೊನೆಯದನ್ನು ಯಾಕೆ ಹೇಳಿದೆ ಅಂದರೆ, ಟ್ಯಾಂಕಲ್ಲಿ ಪೆಟ್ರೋಲೇ ಇಲ್ಲದ ಗಾಡಿಗೆ ಸೆಲ್ಫ್ ಬಿಚ್ಚಿಸಿದವರು ನಮ್ಮ ನೆಂಟರಲ್ಲೇ ಇದ್ದಾರೆ. ಹೆಸರು ಬೇಡ.

ಒಂದೇ ಒಂದು ಟಕ್ ಮಾತ್ರ ಬಹಳ ಕಿರಿಕಿರಿಯದ್ದು. ಅದಕ್ಕೆ ಅರ್ಥ ಒಂದಲ್ಲ. ಸೊಲೆನಾಯ್ಡ್ ತನ್ನ ಕೆಲಸ ಮಾಡಿದೆ, ಮೋಟರು ಮಾತ್ರ ತಿರುಗಿಲ್ಲ ಅಂತ ತಿಳಿಯುತ್ತದೆ, ಅಷ್ಟೇ. ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು. ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಸವೆದು ಮೊಟಕಾಗಿರಬಹುದು. ಬುಶ್ ಹೋಗಿ ಆ ತಿರುಗುವ ಭಾಗ, ಅಂದರೆ ಆರ್ಮೇಚರ್, ಪಕ್ಕಕ್ಕೆ ವಾಲಿ ಉಜ್ಜುತ್ತಿರಬಹುದು. ಅಥವಾ ಮೋಟರಿನಲ್ಲಿ ಏನೂ ತೊಂದರೆ ಇಲ್ಲದೆ, ಅದಕ್ಕೆ ಬೇಕಾದಷ್ಟು ಕರೆಂಟೇ ಬರುತ್ತಿಲ್ಲದಿರಬಹುದು.

ಆವತ್ತು ನಾನು ಇಷ್ಟೆಲ್ಲ ಯೋಚಿಸಲಿಲ್ಲ. ಹೆಡ್‌ಲೈಟ್ ಹಾಕಿ ನೋಡಿದೆ, ಚೆನ್ನಾಗಿ ಉರಿಯಿತು. ಹಾರ್ನ್ ಹೊಡೆದೆ, ಕೊಟ್ಟಿಗೆಯಲ್ಲಿದ್ದ ದನ ಎದ್ದು ನಿಂತಿತು. ಕೆಳಗಿನ ಮನೆ ಅಣ್ಣನನ್ನು ಕರೆದೆ. ಅವನ ಹತ್ತಿರ ಬೊಲೆರೊ ಇದೆ, ಜಂಪರ್ ಕೇಬಲ್ಲೂ ಇದೆ. ಕೆಂಪು ಕ್ಲಿಪ್ಪನ್ನು ನಮ್ಮ ಬ್ಯಾಟರಿಯ ಪಾಸಿಟಿವ್‌ಗೆ ಹಾಕಿದ. ಕಪ್ಪು ಕ್ಲಿಪ್ಪನ್ನು ಬ್ಯಾಟರಿಗೆ ಹಾಕದೆ ಇಂಜಿನ್ನಿನ ಒಂದು ದಪ್ಪ ಕಬ್ಬಿಣಕ್ಕೆ ಕಚ್ಚಿಸಿದ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತಿರುತ್ತದೆ, ಅದರ ಹತ್ತಿರ ಕಿಡಿ ಹಾರಿಸಬಾರದು ಅಂತ ಹಾಗೆ ಮಾಡುವುದು, ಅದೇ ಸರಿಯಾದ ಕ್ರಮ. ಕೀ ಮುಟ್ಟಿದ್ದೇ ತಡ, ಗಾಡಿ ಎದ್ದಿತು. ಅರ್ಧ ಸುತ್ತಿಗೇ ಎದ್ದಿತು.

"ಬ್ಯಾಟರಿ ಹೋಗಿದೆ ಮಾರಾಯ," ಅಂದ ಅಣ್ಣ. ನಾನೂ ಹೂಂ ಅಂದೆ. ಸಾಗರಕ್ಕೆ ಹೋಗಿ ಹೊಸ 35 ಎಎಚ್ ಬ್ಯಾಟರಿ ಹಾಕಿಸಿದೆ. ಅಂಗಡಿಯ ಎದುರು ಗಾಡಿ ಎದ್ದಿತು, ಮನೆಗೆ ಬಂದೆ, ಬೆಂಗಳೂರಿನ ಬಸ್ಸು ಹತ್ತುವ ಮೊದಲು ಸುಮ್ನೆ ಒಂದು ಸಲ ನೋಡೋಣ ಅಂತ ಕೀ ತಿರುಗಿಸಿದೆ.

ಟಕ್.

ಬಸ್ಸಿನಲ್ಲಿ ರಾತ್ರಿಯಿಡೀ ಅದೇ ಶಬ್ದ ಕಿವಿಯಲ್ಲಿ.

ಇಲ್ಲಿ ಸೆಲ್ಫ್ ಅನ್ನುವ ಮಾತಿನ ಬಗ್ಗೆ ಒಂದೆರಡು ಮಾತು. ಸೆಲ್ಫ್ ಸ್ಟಾರ್ಟರ್ ಅನ್ನುವುದರಲ್ಲಿ ನಾವು ಸ್ಟಾರ್ಟರ್ ಬಿಟ್ಟು ಸೆಲ್ಫ್ ಮಾತ್ರ ಇಟ್ಟುಕೊಂಡಿದ್ದೇವೆ. ಸೆಲ್ಫ್ ಹೊಡಿ, ಸೆಲ್ಫ್ ಎತ್ತುತ್ತಿಲ್ಲ, ಸೆಲ್ಫ್ ಬಿಚ್ಚಬೇಕು. ಅದು ಬರುವ ಮೊದಲು ಎಲ್ಲ ಹ್ಯಾಂಡಲ್ಲೇ. ಎದುರು ನಿಂತು, ಬಗ್ಗಿ, ಹ್ಯಾಂಡಲ್ ಸಿಕ್ಕಿಸಿ ತಿರುಗಿಸುವುದು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕು, ಸುತ್ತಿ ಹಿಡಿಯಬಾರದು, ಇಂಜಿನ್ನು ಹಿಂದಕ್ಕೆ ಒದ್ದರೆ ಬೆರಳೋ ಮಣಿಕಟ್ಟೋ ಮುರಿಯುತ್ತದೆ ಅಂತ ಅಪ್ಪ ಹೇಳುತ್ತಿದ್ದರು. ಅಂಬಾಸಿಡರ್, ಪದ್ಮಿನಿ ಕಾರುಗಳಿಗೂ ಹ್ಯಾಂಡಲ್ ಇತ್ತು. ವಿದ್ಯುತ್ತಿನ ಸೆಲ್ಫನ್ನು ಕಾರಿಗೆ ತಂದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಅವನು ಅದಕ್ಕೂ ಮೊದಲು ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ಮೋಟರು ಕೂರಿಸುವ ಕೆಲಸ ಮಾಡಿದ್ದವನು. ಗಲ್ಲಾಪೆಟ್ಟಿಗೆಯ ಮೋಟರು ದಿನವಿಡೀ ಓಡಬೇಕಾಗಿಲ್ಲ, ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕು. ಕಾರಿನ ಸೆಲ್ಫ್ ಕೂಡ ಹಾಗೆಯೇ. ಅಷ್ಟು ಚಿಕ್ಕ ಮೋಟರು ಅಷ್ಟು ದೊಡ್ಡ ಇಂಜಿನ್ನನ್ನು ತಿರುಗಿಸುತ್ತದೆ ಅಂದರೆ ಅದು ತನ್ನ ಶಕ್ತಿ ಮೀರಿ ದುಡಿಯುತ್ತದೆ, ಆದರೆ ಕೆಲವೇ ಸೆಕೆಂಡು. ಅದಕ್ಕೇ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬಾರದು, ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಕೀ ಹಿಡಿದುಕೊಂಡೇ ಕೂತರೆ ಒಳಗೆ ಬೆಂದುಹೋಗುತ್ತದೆ.

ದೀಪಾವಳಿಗೆ ಮತ್ತೆ ಹೋದೆ. ಈ ಸಲ ತಯಾರಾಗಿ ಹೋಗಿದ್ದೆ. ಎಂಟುನೂರು ರೂಪಾಯಿಯ ಮಲ್ಟಿಮೀಟರ್ ತಗೊಂಡು ಹೋಗಿದ್ದೆ. ಹೊಸ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅಂದರೆ ಪೂರ್ತಿ ತುಂಬಿದೆ. ಬೀಪ್ ಶಬ್ದ ಬರುವ ಜಾಗಕ್ಕೆ ಮೀಟರ್ ತಿರುಗಿಸಿ ಬ್ಯಾಟರಿಯ ನೆಗೆಟಿವ್‌ಗೂ ಇಂಜಿನ್ನಿಗೂ ಕಡ್ಡಿ ಇಟ್ಟೆ. ಬೀಪ್ ಅಂತು. ಅರ್ಥಿಂಗ್ ಸರಿ ಇದೆ ಅಂತ ಮನಸ್ಸಿನಲ್ಲೇ ಟಿಕ್ ಹಾಕಿಕೊಂಡೆ. ಹಾಗಾದರೆ ಉಳಿದದ್ದು ಸೆಲ್ಫ್.

ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟು, ಎರಡನೇ ಗೇರಿನಲ್ಲಿ ಕ್ಲಚ್ ಎತ್ತಿ ಎಬ್ಬಿಸಿಕೊಂಡು ಸಾಗರದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ವಯಸ್ಸಾದವರು, ಕಣ್ಣಿಗೆ ದಪ್ಪ ಕನ್ನಡಕ, ಮಾತು ಕಮ್ಮಿ. ಅವರು ಸೆಲ್ಫ್ ಬಿಚ್ಚಿ ಬೆಂಚಿನ ಮೇಲೆ ಇಟ್ಟು ಕಾಲಲ್ಲಿ ಒತ್ತಿ ಹಿಡಿದು, ಒಂದು ಬ್ಯಾಟರಿಯಿಂದ ಎರಡು ದಪ್ಪ ವೈರು ಮುಟ್ಟಿಸಿದರು. ಜುಂಯ್ ಅಂತ ತಿರುಗಿತು. ಹಿಂದಿನ ಮುಚ್ಚಳ ತೆಗೆದು ಕಾರ್ಬನ್ ತೋರಿಸಿದರು. ಇನ್ನೂ ಅರ್ಧಕ್ಕಿಂತ ಜಾಸ್ತಿ ಇತ್ತು. ಕಮ್ಯುಟೇಟರನ್ನು ಮರಳು ಕಾಗದದಲ್ಲಿ ಒಂದು ಸಲ ಉಜ್ಜಿದರು. ಸೊಲೆನಾಯ್ಡ್ ಬಿಚ್ಚಿ ಕಾಂಟ್ಯಾಕ್ಟ್ ನೋಡಿದರು.

"ಇದರಲ್ಲಿ ಎಂತದೂ ಆಗಲಿಲ್ಲ," ಅಂದರು. "ಬಾಡಿ ಅರ್ಥು, ಇಂಜಿನ್ ಅರ್ಥು ನೋಡಿದ್ರಾ?"

"ನೋಡಿದೀನಿ, ಸರಿ ಇದೆ," ಅಂದೆ.

ಅವರು ನನ್ನ ಮುಖ ನೋಡಿದರು. ಗಿರಾಕಿ ನೋಡಿದ್ದೇನೆ ಅಂದಮೇಲೆ ಇವರಾದರೂ ಏನು ಮಾಡಿಯಾರು? ನಾನೇ ಒತ್ತಾಯ ಮಾಡಿ ಹೊಸ ಕಾರ್ಬನ್ನು, ಹೊಸ ಬುಶ್ ಹಾಕಿಸಿದೆ. ಸೆಲ್ಫನ್ನು ವಾಪಸ್ ಕೂರಿಸಿದಾಗ ಆ ಅಲುಗಾಟಕ್ಕೋ ಏನೋ ಗಾಡಿ ತಕ್ಷಣ ಎದ್ದಿತು. ಗೆದ್ದೆ ಅಂದುಕೊಂಡು ದುಡ್ಡು ಕೊಟ್ಟು ಬಂದೆ. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಟಕ್.

ಅವರು ಸೆಲ್ಫ್ ಬಿಚ್ಚಿದಾಗ ನನಗೊಂದು ವಿಚಿತ್ರ ಕಂಡಿತ್ತು, ಅದನ್ನು ಹೇಳಲೇಬೇಕು. ಸೊಲೆನಾಯ್ಡಿನ ಉಕ್ಕಿನ ಮೈಮೇಲೆ, ಕೈ ಎಟುಕುವ ಕಡೆ, ಚಿಕ್ಕ ಚಿಕ್ಕ ತಗ್ಗುಗಳು. ಒಂದೆರಡಲ್ಲ, ಒತ್ತೊತ್ತಾಗಿ ಹತ್ತು ಹದಿನೈದು. ತಗ್ಗಿನ ಅಂಚಿನಲ್ಲಿ ತುಕ್ಕು. ಯಾರೋ ಬಹಳ ವರ್ಷ, ಒಂದೇ ಜಾಗಕ್ಕೆ, ಒಂದೇ ಕೋನದಲ್ಲಿ ಏನನ್ನೋ ಬಡಿದಿದ್ದಾರೆ. ಮನೆಗೆ ಬಂದು ಡಿಕ್ಕಿ ತೆಗೆದು ನೋಡಿದರೆ ಜಾಕಿನ ಪಕ್ಕ ಹಳೆಯ ಬನಿಯನ್ನಿನ ಬಟ್ಟೆಯಲ್ಲಿ ಸುತ್ತಿದ ದಪ್ಪ ರಿಂಗ್ ಸ್ಪ್ಯಾನರ್. ಆ ಅಳತೆಯ ಬೋಲ್ಟು ಈ ಕಾರಿನಲ್ಲಿ ಎಲ್ಲೂ ನನಗೆ ಸಿಗಲಿಲ್ಲ. ಅದು ಬಿಚ್ಚುವುದಕ್ಕೆ ಇಟ್ಟದ್ದಲ್ಲ.

ಸೆಲ್ಫಿಗೆ ಸ್ಪ್ಯಾನರಿನಲ್ಲಿ ಬಡಿಯುವುದು ನಮ್ಮಲ್ಲಿ ಹಳೆಯ ಉಪಾಯ. ಕಾರ್ಬನ್ ಸಿಕ್ಕಿಕೊಂಡಿದ್ದರೆ ಅಲುಗಿ ಸರಿಹೋಗುತ್ತದೆ, ಕಾಂಟ್ಯಾಕ್ಟ್ ಸುಟ್ಟಿದ್ದರೆ ಒಂದು ಸಲ ಹಿಡಿದುಕೊಳ್ಳುತ್ತದೆ. ಅಂದರೆ ಅಪ್ಪನಿಗೆ ಈ ಟಕ್ ಹೊಸದಲ್ಲ. ನಾನು ದಸರಾದಿಂದ ಒದ್ದಾಡುತ್ತಿದ್ದ ತೊಂದರೆ ಈ ಗಾಡಿಯಲ್ಲಿ ಎಷ್ಟೋ ವರ್ಷದಿಂದ ಇದೆ. ಇಳಿಜಾರು, ಕಲ್ಲು, ಸ್ಪ್ಯಾನರು, ಎಲ್ಲ ಒಂದೇ ಸಾಲಿಗೆ ಬಂದು ನಿಂತವು. ಆ ಕ್ಷಣ ನನಗೆ ಅಪ್ಪನ ಮೇಲೆ ಸಿಟ್ಟು ಬಂತು ಅಂದರೆ ನೀವು ನಂಬಬೇಕು. ರಿಪೇರಿ ಮಾಡಿಸುವುದು ಬಿಟ್ಟು ಊರೆಲ್ಲ ದಿಬ್ಬ ಹುಡುಕಿಕೊಂಡು ತಿರುಗಿದರಲ್ಲ ಅಂತ.

ರಿಪೇರಿ ಮಾಡಿಸದೆ ಬಿಟ್ಟಿರಲಿಲ್ಲ ಅಂತ ಗೊತ್ತಾಗಿದ್ದು ಅವರ ಲೆಕ್ಕದ ಪುಸ್ತಕ ನೋಡಿದಾಗ. ಅಪ್ಪ ಎಲ್ಲಕ್ಕೂ ಲೆಕ್ಕ ಬರೆಯುತ್ತಿದ್ದರು. ತೋಟದ ಕೂಲಿ, ಸುಣ್ಣ, ಮೈಲುತುತ್ತ, ಮದುವೆಗೆ ಕೊಟ್ಟ ಮುಯ್ಯಿ, ಎಲ್ಲದರ ನಡುವೆ ಕಾರಿನ ಖರ್ಚೂ ಇದೆ. ಡಿಸೆಂಬರಿನಲ್ಲಿ ಒಂದು ವಾರ ರಜೆ ಹಾಕಿ ಹೋದಾಗ ಅಟ್ಟದಿಂದ ಪುಸ್ತಕಗಳನ್ನು ಇಳಿಸಿ ಕಾರಿಗೆ ಸಂಬಂಧಿಸಿದ್ದನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಂಡೆ. 2009ರಲ್ಲಿ ಚೋಕ್ ಕೇಬಲ್. 2010ರಲ್ಲಿ ಬ್ಯಾಟರಿ. 2011ರಲ್ಲಿ ಮತ್ತೆ ಚೋಕ್ ಕೇಬಲ್, ಅದೇ ವರ್ಷ ಎಕ್ಸಿಲೇಟರ್ ಕೇಬಲ್. 2012ರಲ್ಲಿ ಬ್ಯಾಟರಿ. 2013ರಲ್ಲಿ 'ಸೆಲ್ಫ್ ರಿಪೇರಿ, ಪ್ರಯೋಜನ ಇಲ್ಲ'. 2014ರಲ್ಲಿ ಮತ್ತೆ ಬ್ಯಾಟರಿ, ಅದರ ಕೆಳಗೆ ಪೆನ್ಸಿಲಿನಲ್ಲಿ 'ಮೋಸ' ಅಂತ ಬರೆದು ಎರಡು ಗೆರೆ ಎಳೆದಿದ್ದರು. ಆಮೇಲೆ ಸೆಲ್ಫಿನ ಸುದ್ದಿ ಇಲ್ಲ. ಕೇಬಲ್ಲು, ಬ್ಯಾಟರಿ ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಲೇ ಇವೆ.

ಚೋಕ್ ಕೇಬಲ್ ಯಾಕೆ ಅಷ್ಟು ಸಲ? ಅದು ಸವೆಯುವ ವಸ್ತು ಅಲ್ಲ. ಬೆಳಿಗ್ಗೆ ಒಂದು ಸಲ ಎಳೆಯುವುದು, ಇಂಜಿನ್ನು ಬಿಸಿಯಾದ ಮೇಲೆ ಒತ್ತುವುದು. ಟಾರ್ಚ್ ಹಿಡಿದು ಬಾನೆಟ್ ತೆಗೆದು ನೋಡಿದೆ. ಕೇಬಲ್ಲಿನ ಹೊರಗಿನ ಕಪ್ಪು ಪ್ಲಾಸ್ಟಿಕ್ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕರಗಿ, ಒಳಗಿನ ಕಬ್ಬಿಣದ ಸುರುಳಿ ಹಲ್ಲು ಕಿರಿದ ಹಾಗೆ ಕಾಣುತ್ತಿತ್ತು. ಹತ್ತಿರದಲ್ಲಿ ಬಿಸಿಯಾಗುವ ವಸ್ತು ಏನೂ ಇರಲಿಲ್ಲ. ಬೆರಳಲ್ಲಿ ಮುಟ್ಟಿದರೆ ಪ್ಲಾಸ್ಟಿಕ್ ಪುಡಿಯಾಯಿತು. ಅಮ್ಮನನ್ನು ಕೇಳಿದೆ, ಕಾರಿನಲ್ಲಿ ಯಾವಾಗಾದರೂ ಸುಟ್ಟ ವಾಸನೆ ಬರುತ್ತಿತ್ತಾ ಅಂತ.

"ಸೆಲ್ಫ್ ಹೊಡೆದಾಗೆಲ್ಲ ಬರ್ತಿತ್ತಲ. ಹಳೇ ಕಾರು ಅಂದ್ರೆ ಹಾಗೇ ಅಂತಿದ್ರು ನಿಮ್ಮಪ್ಪ."

ಆ ರಾತ್ರಿ ಮಲಗಿದಾಗ ದಸರಾದಲ್ಲಿ ಅಣ್ಣ ಹಾಕಿದ ಕಪ್ಪು ಕ್ಲಿಪ್ಪು ನೆನಪಾಯಿತು. ಆವತ್ತು ಗಾಡಿ ಎದ್ದದ್ದು ಅವನ ಬ್ಯಾಟರಿ ದೊಡ್ಡದು ಅಂತಲ್ಲ. ಅವನು ಕಪ್ಪು ಕ್ಲಿಪ್ಪನ್ನು ನೇರ ಇಂಜಿನ್ನಿಗೆ ಕಚ್ಚಿಸಿದ್ದ. ಅದನ್ನು ನಮ್ಮ ಬ್ಯಾಟರಿಯ ನೆಗೆಟಿವ್‌ಗೆ ಹಾಕಿದ್ದರೆ ಅವತ್ತೂ ಟಕ್ ಅಂತಲೇ ಅನ್ನುತ್ತಿತ್ತು. ಸರಿಯಾದ ಉತ್ತರ ಎರಡು ತಿಂಗಳ ಹಿಂದೆಯೇ ಕೈಗೆ ಬಂದಿತ್ತು, ನಾನು ಅದಕ್ಕೆ ತಪ್ಪು ಹೆಸರು ಕೊಟ್ಟು ಬ್ಯಾಟರಿ ಅಂಗಡಿಗೆ ಹೋಗಿದ್ದೆ.

ವಿಷಯ ಹೀಗೆ. ಕರೆಂಟು ಬ್ಯಾಟರಿಯ ಪಾಸಿಟಿವ್‌ನಿಂದ ಸೆಲ್ಫಿಗೆ ಹೋದರೆ ಸಾಲದು, ವಾಪಸ್ ನೆಗೆಟಿವ್‌ಗೆ ಬರಬೇಕು. ಸೆಲ್ಫ್ ಕೂತಿರುವುದು ಇಂಜಿನ್ನಿನ ಮೇಲೆ. ಇಂಜಿನ್ನು ಕೂತಿರುವುದು ರಬ್ಬರಿನ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ನೆಗೆಟಿವ್‌ನಿಂದ ಒಂದು ದಪ್ಪ ವೈರು ನೇರ ಇಂಜಿನ್ನು ಗೇರ್‌ಬಾಕ್ಸಿನ ಮೈಗೆ ಬಂದು ಬೋಲ್ಟ್ ಆಗಿರುತ್ತದೆ. ಅದೇ ಇಂಜಿನ್ ಅರ್ಥ್. ನೆಗೆಟಿವ್‌ನಿಂದ ಇನ್ನೊಂದು ಸಣ್ಣ ವೈರು ಬಾಡಿಗೆ ಹೋಗಿರುತ್ತದೆ. ಲೈಟು, ಹಾರ್ನು ಎಲ್ಲ ಬಾಡಿಯ ಅರ್ಥಿನಲ್ಲಿ ನಡೆಯುವಂಥವು. ಅದಕ್ಕೇ ನನ್ನ ಹೆಡ್‌ಲೈಟು ಚೆನ್ನಾಗಿ ಉರಿದದ್ದು, ದನ ಎದ್ದು ನಿಂತದ್ದು. ಇಂಜಿನ್ನಿನ ಅರ್ಥ್ ಕೆಟ್ಟಿದ್ದರೆ ಸೆಲ್ಫಿನ ಕರೆಂಟು ಸುಮ್ಮನೆ ಕೂರುವುದಿಲ್ಲ. ಬಾಡಿಗೂ ಇಂಜಿನ್ನಿಗೂ ನಡುವೆ ಏನೆಲ್ಲ ಲೋಹ ಇದೆಯೋ ಅದರಲ್ಲೆಲ್ಲ ನುಗ್ಗುತ್ತದೆ. ಚೋಕ್ ಕೇಬಲ್ಲು, ಎಕ್ಸಿಲೇಟರ್ ಕೇಬಲ್ಲು, ಕ್ಲಚ್ ಕೇಬಲ್ಲು. ನೂರು ಆಂಪಿಯರ್ ಹರಿಯಬೇಕಾದ ಕೆಲಸಕ್ಕೆ ಸೈಕಲ್ ಬ್ರೇಕ್ ವೈರಿನಂಥ ಕೇಬಲ್ಲು ಸಿಕ್ಕಿದರೆ ಅದು ಹೀಟರ್ ಕಾಯಿಲ್ ಆಗುತ್ತದೆ. ಎರಡು ಹೆಡ್‌ಲೈಟೂ ಹೈ ಬೀಮಿನಲ್ಲಿ ಸೇರಿ ಎಳೆಯುವುದೇ ಹತ್ತು ಆಂಪಿಯರ್ ಅಂದರೆ ಲೆಕ್ಕ ಹಾಕಿ.

ಬ್ಯಾಟರಿ ಬೇಗ ಬೇಗ ಸಾಯುತ್ತಿದ್ದದ್ದೂ ಇದರಿಂದಲೇ ಅಂತ ನನ್ನ ಅನುಮಾನ. ಆಲ್ಟರ್ನೇಟರ್ ಕೂಡ ಇಂಜಿನ್ನಿನ ಮೇಲೆಯೇ ಇರುವುದು. ಅದು ಕೊಡುವ ಚಾರ್ಜು ಕೂಡ ಇದೇ ಕೆಟ್ಟ ದಾರಿಯಲ್ಲಿ ಬರಬೇಕು. ಹಾಗಾಗಿ ಬ್ಯಾಟರಿಗೆ ಯಾವತ್ತೂ ಹೊಟ್ಟೆ ತುಂಬುತ್ತಿರಲಿಲ್ಲ. ಬ್ಯಾಟರಿ ಕೊಟ್ಟವನು ಪಾಪ ಮೋಸ ಮಾಡಿರಲಿಲ್ಲ, ಅಪ್ಪ ಸುಮ್ನೆ ಎರಡು ಗೆರೆ ಎಳೆದರು.

ಆದರೆ ನನ್ನ ಮೀಟರ್ ಬೀಪ್ ಅಂದಿತ್ತಲ್ಲ? ಅದೇ ಮಜಾ. ತೋಟಕ್ಕೆ ನೀರು ಬಿಡುವವರಿಗೆ ಇದನ್ನು ಹೇಳುವುದು ಸುಲಭ. ಪೈಪಿನ ಒಳಗೆ ಕಸ ಕಟ್ಟಿಕೊಂಡಿದ್ದರೂ ವಾಲ್ವ್ ಮುಚ್ಚಿದ್ದಾಗ ಗೇಜಿನಲ್ಲಿ ಪ್ರೆಶರ್ ಪೂರ್ತಿ ತೋರಿಸುತ್ತದೆ. ವಾಲ್ವ್ ತೆಗೆದು ಜೆಟ್ ಹಾರಬೇಕು ಅಂದಾಗ ಅದರ ಬಣ್ಣ ಗೊತ್ತಾಗುವುದು. ಮೀಟರ್ ಬೀಪ್ ಮಾಡುವುದಕ್ಕೆ ಒಂದು ಚಿಟಿಕೆ ಕರೆಂಟು ಸಾಕು, ಒಂದು ಎಳೆ ತಾಮ್ರ ಅಂಟಿಕೊಂಡಿದ್ದರೂ ಬೀಪ್ ಅನ್ನುತ್ತದೆ. ಸೆಲ್ಫಿಗೆ ಒಂದು ಓಮ್‌ನ ಹತ್ತನೇ ಒಂದು ಭಾಗ ಅಡ್ಡಿ ಬಂದರೂ ಸಾಕು, ಕುತ್ತಿಗೆ ಹಿಸುಕಿದ ಹಾಗೆ. ನನ್ನ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೇ 0.3 ಓಮ್ ತೋರಿಸುತ್ತದೆ. ಅದರಲ್ಲಿ ಈ ತೊಂದರೆ ಹುಡುಕಲು ಹೋದದ್ದು ಅಡಿಕೆ ತೂಗುವ ತಕ್ಕಡಿಯಲ್ಲಿ ಕೇಸರಿ ತೂಗಿದ ಹಾಗೆ.

ಹಾಗಾಗಿ ಸೆಲ್ಫ್ ಹೊಡೆಯುವಾಗಲೇ ಅಳೆಯಬೇಕು. ಓಮ್ ಅಲ್ಲ, ವೋಲ್ಟ್. ಮಾರನೆ ದಿನ ಅಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಇಷ್ಟು ವರ್ಷದಲ್ಲಿ ಅವರು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತರು. ಗೇರು ನ್ಯೂಟ್ರಲ್ ಮಾಡಿದೆ, ಹ್ಯಾಂಡ್‌ಬ್ರೇಕ್ ಎಳೆದೆ, ಚಕ್ರಕ್ಕೆ ಕಲ್ಲು ಕೊಟ್ಟೆ. ಇಂಜಿನ್ನು ಅಪ್ಪಿತಪ್ಪಿ ಎದ್ದುಬಿಡಬಾರದು ಅಂತ ಇಗ್ನಿಷನ್ ಕಾಯಿಲಿನ ಸಣ್ಣ ವೈರು ಕಿತ್ತಿಟ್ಟೆ. ಮೀಟರನ್ನು 20 ವೋಲ್ಟಿಗೆ ತಿರುಗಿಸಿ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಗೂಟಕ್ಕೆ ಒತ್ತಿದೆ. ಕ್ಲಾಂಪಿಗಲ್ಲ, ಸೀಸದ ಗೂಟಕ್ಕೇ. ಕೆಂಪು ಕಡ್ಡಿಯನ್ನು ಇಂಜಿನ್ನಿನ ಒಂದು ಖಾಲಿ ಬೋಲ್ಟಿಗೆ ಇಟ್ಟೆ.

"ತಿರುಗಿಸಲಾ?"

"ತಿರುಗಿಸು."

"ಯಾವ ಕಡೆಗೆ?"

"ಮುಂದಕ್ಕೆ, ಕೊನೇವರೆಗೂ."

ಟಕ್. ಮೀಟರಿನಲ್ಲಿ 6 ವೋಲ್ಟ್ ಚಿಲ್ಲರೆ.

ಇದು ಅರ್ಧ ವೋಲ್ಟಿಗಿಂತ ಕಮ್ಮಿ ಇರಬೇಕು. ಬ್ಯಾಟರಿ ಕೊಡುವ ಹನ್ನೆರಡರಲ್ಲಿ ಅರ್ಧದಷ್ಟು ವಾಪಸ್ ಬರುವ ದಾರಿಯಲ್ಲೇ ಖರ್ಚಾಗುತ್ತಿದೆ. ಪಾಸಿಟಿವ್ ಕಡೆಯನ್ನೂ ಹಾಗೇ ನೋಡಿದೆ, ಬ್ಯಾಟರಿಯ ಪಾಸಿಟಿವ್ ಗೂಟದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ. 0.2 ಬಂತು, ಅದು ಸರಿ ಇದೆ. ಇನ್ನೂ ನಂಬಿಕೆ ಬರಲಿಲ್ಲ. ಕೆಳಗಿನ ಮನೆಯಿಂದ ಜಂಪರ್ ಕೇಬಲ್ ತಂದು ಕಪ್ಪು ಒಂದನ್ನೇ ನಮ್ಮದೇ ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ನಿಗೆ ಕಚ್ಚಿಸಿದೆ. ಬೇರೆ ಬ್ಯಾಟರಿ ಇಲ್ಲ, ಬೊಲೆರೊ ಇಲ್ಲ. ಅಮ್ಮ ಕೀ ತಿರುಗಿಸಿದರು. ಗಾಡಿ ಇಡೀ ಅಲ್ಲಾಡುವ ಹಾಗೆ ಸೆಲ್ಫ್ ಹೊಡೆಯಿತು. ಅಮ್ಮ ಹೆದರಿ ಕೀ ಬಿಟ್ಟರು. ಮೀಟರ್ ಇಲ್ಲದವರು ಈ ಒಂದು ಕೇಬಲ್ಲಿನ ಪರೀಕ್ಷೆ ಮಾಡಿದರೂ ಸಾಕು, ನನ್ನ ಹಾಗೆ ಬ್ಯಾಟರಿ ಕಾರ್ಬನ್ನು ಬುಶ್ಶು ಅಂತ ಐದು ಸಾವಿರ ಕಳೆದುಕೊಳ್ಳುವುದು ತಪ್ಪುತ್ತದೆ.

ಅರ್ಥ್ ವೈರು ಬಿಚ್ಚಿದೆ. ಮೊದಲು ಬ್ಯಾಟರಿಯ ಕಡೆ, ಆಮೇಲೆ ಗೇರ್‌ಬಾಕ್ಸಿನ ಕಡೆ. ಹೊರಗಿನಿಂದ ನೋಡಿದರೆ ಅದರಲ್ಲಿ ಏನೂ ತೊಂದರೆ ಕಾಣುತ್ತಿರಲಿಲ್ಲ. ಕಪ್ಪು ಹೊದಿಕೆ ನೆಟ್ಟಗಿತ್ತು, ಬೋಲ್ಟ್ ಬಿಗಿಯಾಗಿತ್ತು. ಗೇರ್‌ಬಾಕ್ಸಿನ ಕಡೆಯ ಲಗ್ಗಿನ, ಅಂದರೆ ಬೋಲ್ಟ್ ಕೂರುವ ಲೋಹದ ತುದಿಯ, ಹತ್ತಿರ ಹೊದಿಕೆಯನ್ನು ಬ್ಲೇಡಿನಲ್ಲಿ ಸೀಳಿದೆ. ಒಳಗೆ ತಾಮ್ರ ಇರಲಿಲ್ಲ. ಹಸಿರು ಪುಡಿ ಇತ್ತು. ಗಟ್ಟಿಯಾಗಿ, ಪಾಚಿ ಒಣಗಿದ ಹಾಗೆ. ಉಗುರಲ್ಲಿ ಕೆರೆದರೆ ಉದುರಿ ಅಂಗೈ ತುಂಬ ಮೈಲುತುತ್ತದ ಬಣ್ಣ ಆಯಿತು. ಅದರ ನಡುವೆ ಎಣಿಸಿದರೆ ಏಳೋ ಎಂಟೋ ಎಳೆ ಮಾತ್ರ ಇನ್ನೂ ಕೆಂಪಾಗಿದ್ದವು. ಮಲೆನಾಡಿನ ಇಷ್ಟೊಂದು ಮಳೆಗಾಲಗಳ ತೇವ ಆ ಲಗ್ಗಿನ ಬಾಯಿಯಿಂದ ಒಳಗೆ ಏರಿ ಏರಿ ತಿಂದಿದೆ. ನನ್ನ ಮೀಟರ್ ಬೀಪ್ ಅಂದದ್ದು ಆ ಏಳೆಂಟು ಎಳೆಯ ಧೈರ್ಯದ ಮೇಲೆ. ಅಪ್ಪ ಸ್ಪ್ಯಾನರಿನಲ್ಲಿ ಬಡಿದಾಗ ಕೆಲವೊಮ್ಮೆ ಎದ್ದದ್ದೂ ಅದಕ್ಕೇ ಇರಬೇಕು. ಅವರು ಸೆಲ್ಫಿಗೆ ಬಡಿದದ್ದಕ್ಕೆ ಪಕ್ಕದ ಈ ಲಗ್ಗು ನಡುಗುತ್ತಿತ್ತು.

ಸಾಗರದ ಅದೇ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಹಳೆಯ ವೈರು ಅವರ ಬೆಂಚಿನ ಮೇಲೆ ಇಟ್ಟೆ. ಅವರು ಕನ್ನಡಕ ಮೇಲೆತ್ತಿ ನೋಡಿ, "ನೋಡಿದೀನಿ ಅಂದಿದ್ರಿ," ಅಂದರು. ನಾನು ಮಾತಾಡಲಿಲ್ಲ. ಅದೇ ಉದ್ದಕ್ಕೆ ಇನ್ನೂ ಒಂಚೂರು ದಪ್ಪದ ಕೇಬಲ್ ಕತ್ತರಿಸಿ, ಎರಡು ಕಡೆ ತಾಮ್ರದ ಲಗ್ ಒತ್ತಿ, ಬೆಸುಗೆ ಹಾಕಿ ಕೊಟ್ಟರು. ಇನ್ನೂರು ರೂಪಾಯಿ. ಗೇರ್‌ಬಾಕ್ಸಿನ ಮೇಲೆ ಬೋಲ್ಟ್ ಕೂರುವ ಜಾಗವನ್ನು ಮರಳು ಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿದೆ, ಬಿಗಿ ಮಾಡಿ ಮೇಲಿಂದ ವ್ಯಾಸಲಿನ್ ಬಳಿದೆ. ಮೀಟರ್ 0.1 ತೋರಿಸಿತು. ಹೊಸ ಚೋಕ್ ಕೇಬಲ್ ಕೂಡ ಹಾಕಿದೆ. ಇದು ಕೊನೆಯದು ಅಂದುಕೊಂಡಿದ್ದೇನೆ.

ಭಾನುವಾರ ಸಂಜೆ ಪೇಟೆಯಿಂದ ಬಂದವನು ಉಣಗೋಲು ಸರಿಸಿ ಕಾರನ್ನು ನೇರ ಅಂಗಳಕ್ಕೇ ತಂದೆ. ನಡು ಅಂಗಳದಲ್ಲಿ, ಸಮತಟ್ಟು ನೆಲದಲ್ಲಿ, ಕಲ್ಲು ಪಲ್ಲು ಏನೂ ಇಲ್ಲದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್ ಮಾಡಿದೆ. ಅಮ್ಮ ಕೈ ಒರೆಸಿಕೊಳ್ಳುತ್ತಾ ಜಗಲಿಗೆ ಬಂದರು.

"ಅಲ್ಲಿ ಯಾಕೆ ನಿಲ್ಲಿಸಿದೆ? ನಾಳೆ ಚಾಲಿ ಹರವಬೇಕು."

"ಇನ್ನು ಇಳಿಜಾರಲ್ಲಿ ನಿಲ್ಲಿಸಬೇಕಂತ ಇಲ್ಲ ಅಮ್ಮ. ಸೆಲ್ಫ್ ಸರಿಯಾಯ್ತಲ್ಲ."

"ಸೆಲ್ಫಿಗೂ ಅದಕ್ಕೂ ಎಂತ ಸಂಬಂಧ? ಕಾರು ತಂದ ದಿನದಿಂದ ಅದು ಆಚೆನೇ ನಿಲ್ಲೋದು. ಅಂಗಳದಲ್ಲಿ ನಿಲ್ಲಿಸಿದ್ರೆ ಅಡಿಕೆ ಎಲ್ಲಿ ಹರವೋದು? ಎಣ್ಣೆ ಬೇರೆ ಸೋರ್ತದೆ."

"ಹಾಗಾದ್ರೆ ಪೇಟೆಯಲ್ಲಿ ಯಾಕೆ ದಿಬ್ಬ ಹುಡುಕ್ತಿದ್ರು? ಅಲ್ಲೂ ಅಡಿಕೆ ಹರವ್ತಾರಾ?"

ಅಮ್ಮ ಒಂದು ಕ್ಷಣ ಯೋಚಿಸಿದರು. "ಅದೆಲ್ಲ ನನಗೆ ಗೊತ್ತಿಲ್ಲ. ಮೊದಲು ಕಾರು ತೆಗಿ," ಅಂತ ಹೇಳಿ ಒಳಗೆ ಹೋದರು.

ಕಾರನ್ನು ಹಿಂದಕ್ಕೆ ತೆಗೆದು ಉಣಗೋಲಿನ ಆಚೆ ನಿಲ್ಲಿಸಿದೆ. ಅಪ್ಪನ ಕಲ್ಲು ಹುಲ್ಲಿನ ನಡುವೆ ಅಲ್ಲೇ ಇತ್ತು.